ಅರ್ಧ ಹೆಣೆದ ಶಿಲುಬೆ

ಕೂಳೂರು ಸೇತುವೆಯ ಸಮೀಪದ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮಪಾಠ. ಇನಾಸ್ ಮಾಸ್ತರರಿಗೆ ವಯಸ್ಸಾಗಿದ್ದರೂ ಆ ಪಾಠವನ್ನು ಅವರು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ಹೆಂಡತಿ ಕಾರ್ಮಿನ್ ಬಾಯಿ ತೀರಿಕೊಂಡ ಮೇಲಂತೂ ಭಾನುವಾರದ ದಾರಿ ಕಾಯುವುದೇ ಅವರ ವಾರದ ಕೆಲಸವಾಗಿತ್ತು. ಕೊಂಕಣಿ ಬಾರದ ಮಕ್ಕಳೂ ಇದ್ದುದರಿಂದ ಪಾಠ ಕನ್ನಡದಲ್ಲಿ ನಡೆಯುತ್ತಿತ್ತು.

“ಈ ವಾರ ಬೂದಿ ಬುಧವಾರ, ಉಪವಾಸ ಸುರುವಾಗುವ ದಿನ. ಅವತ್ತು ಫಾದರ್ ನಮ್ಮ ಹಣೆಗೆ ಬೂದಿ ಹಚ್ತಾರಲ್ಲ, ಅದು ಎಲ್ಲಿಂದ ಬರ್ತದೆ?” ಎಂದು ಮಾಸ್ತರರು ಕೇಳಿದರು.

“ಒಲೆಯಿಂದ” ಎಂದ ಆರ್ವಿನ್.

“ನಿಮ್ಮ ಮನೆಯಲ್ಲಿ ಒಲೆ ಎಲ್ಲಿ ಉಂಟು ಮಾರಾಯ? ಗ್ಯಾಸ್ ಅಲ್ವಾ?”

ಮಕ್ಕಳು ನಕ್ಕರು. ನಗು ಅಡಗಿದ ಮೇಲೆ ಮಾಸ್ತರರು ವಿವರಿಸಿದರು. ಕಳೆದ ವರ್ಷ, ಈಸ್ಟರಿಗೆ ಮೊದಲಿನ ಗರಿಗಳ ಭಾನುವಾರ, ಆಶೀರ್ವದಿಸಿ ಕೊಟ್ಟ ತೆಂಗಿನ ಗರಿ ಪ್ರತಿ ಮನೆಯ ದೇವರ ಪಟದ ಹಿಂದೆ ಇದ್ದೇ ಇರುತ್ತದೆ. ಅದನ್ನೇ ತಂದು ಸುಟ್ಟು ಬೂದಿ ಮಾಡುವುದು. ಅಂದು ಯೇಸುವಿಗೆ ಜಯಘೋಷ ಮಾಡಿದ ಗರಿಯೇ ಇಂದು, ಮನುಷ್ಯ ಮಣ್ಣೇ ಎಂಬ ನೆನಪು. ಆ ಬೂದಿ ಹಚ್ಚಿಸಿಕೊಂಡವನು ತಪ್ಪಿನಿಂದ ಹಿಂದಿರುಗಬೇಕು.

“ಮಂಗಳವಾರ ಸಂಜೆ ಎಲ್ಲರೂ ಗರಿ ತನ್ನಿ. ಅದಕ್ಕೆ ಮೊದಲು ನೀವು ನೋಯಿಸಿದ ಒಬ್ಬರ ಹತ್ರ ತಪ್ಪಾಯ್ತು ಅಂತ ಹೇಳಿ ಬನ್ನಿ. ಬರೀ ಗರಿ ಸುಟ್ಟು ಎಂತ ಪ್ರಯೋಜನ?”

ಮುಂದಿನ ಸಾಲಿನಲ್ಲಿದ್ದ ಶಾನೆಲ್ ಕೈ ಎತ್ತಿದಳು. “ಸರ್, ನೀವೂ ತರ್ತೀರಾ?”

“ತರ್ತೇನೆ ಮಗಾ” ಎಂದರು ಮಾಸ್ತರರು. ಹೇಳಿದ ಮೇಲೆ ಮನೆಯಲ್ಲಿದ್ದ ಗರಿ ನೆನಪಾಯಿತು.

ಅದು ಕಾರ್ಮಿನ್ ಬಾಯಿಯ ಗರಿ. ಕಳೆದ ವರ್ಷ ಗರಿಗಳ ಭಾನುವಾರದ ಪೂಜೆಯಲ್ಲಿ ಯೇಸುವಿನ ಯಾತನೆಯ ಕಥನ ಓದುತ್ತಿದ್ದಾಗ ಎಲ್ಲರೂ ಎದ್ದು ನಿಂತಿದ್ದರು. ಕಾರ್ಮಿನ್ ಬಾಯಿ ಮಾತ್ರ ಬೆಂಚಿಗೆ ಒರಗಿ ಕುಳಿತು, ಎಳೆಯ ಗರಿಯನ್ನು ಸೀಳಿ, ಮಡಚಿ, ಶಿಲುಬೆ ಹೆಣೆಯುತ್ತಿದ್ದಳು. ಧರ್ಮಪಾಠದ ಮಾಸ್ತರನ ಹೆಂಡತಿ ಹೀಗೆ ಮಾಡುವುದೇ ಎಂದು ಅವರಿಗೆ ಸಿಟ್ಟು ಬಂತು. “ಇದೆಂತ ಮಕ್ಕಳಾಟ? ಕೈ ಸುಮ್ಮನೆ ಇರ್ಲಿಕ್ಕೆ ಆಗುದಿಲ್ವಾ ನಿಂಗೆ?” ಎಂದು ಮುಂದಿನ ಬೆಂಚಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಗದರಿದರು. ಅವಳ ಬೆರಳು ಅಲ್ಲಿಗೇ ನಿಂತಿತು. ಮನೆಗೆ ಬಂದ ಮೇಲೂ ಅವಳು ಅದನ್ನು ಮುಂದುವರಿಸಲಿಲ್ಲ; ಅರ್ಧಕ್ಕೆ ನಿಂತ ಶಿಲುಬೆಯನ್ನು ಹಾಗೆಯೇ ದೇವರ ಪಟದ ಹಿಂದೆ ಇಟ್ಟಳು. ನಿಲ್ಲಲಾಗದಷ್ಟು ನೋವಿತ್ತೆಂದೂ, ಅದನ್ನು ಮರೆಯಲು ಕೈಗೆ ಕೆಲಸ ಕೊಟ್ಟಿದ್ದಳೆಂದೂ ಅವರಿಗೆ ತಿಳಿದದ್ದು ಅತ್ತಾವರದ ಆಸ್ಪತ್ರೆಗೆ ಸೇರಿಸಿದ ಮೇಲೆ. ಅಲ್ಲಿಯೂ ತಪ್ಪಾಯಿತೆಂಬ ಮಾತು ಅವರ ನಾಲಗೆಗೆ ಬರಲಿಲ್ಲ. ಗುಣವಾಗಿ ಮನೆಗೆ ಬರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡರು. ಅವಳು ಮನೆಗೆ ಬರಲಿಲ್ಲ.

ಮಂಗಳವಾರ ಶಿಲುಬೆಯನ್ನು ಪಟದ ಹಿಂದಿನಿಂದ ತೆಗೆದರು, ಮತ್ತೆ ಅಲ್ಲಿಯೇ ಇಟ್ಟರು. ಅವಳ ಬೆರಳು ಮುಟ್ಟಿದ್ದೆಂದು ಉಳಿದದ್ದು ಅದೊಂದೇ ಎಂದು ಅವರಿಗೆ ಅನಿಸುತ್ತಿತ್ತು. ಬೇಲಿಯಾಚೆಯ ತೆಂಗಿನಿಂದ ಒಂದು ಒಣಗರಿ ಸೀಳಿ ಒಯ್ದರೆ ಮಕ್ಕಳಿಗೇನು ಗೊತ್ತಾಗುತ್ತದೆ? ಬಾಗಿಲವರೆಗೆ ಹೋದವರು ಹಿಂದಿರುಗಿದರು. ಶಿಲುಬೆಯನ್ನು ಕರ್ಚೀಫಿನಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ಹೊರಟರು.

ಇಗರ್ಜಿಯ ಹಿಂದಿನ ಅಂಗಳದಲ್ಲಿ ಹಳೆಯ ಕಬ್ಬಿಣದ ಬಾಣಲೆಯಲ್ಲಿ ಬೆಂಕಿ ಹಚ್ಚಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಗರಿ ಹಾಕಿದರು.

“ನಾನು ತಂಗಿಗೆ ತಪ್ಪಾಯ್ತು ಅಂತ ಹೇಳಿದೆ ಸರ್” ಎಂದ ಆರ್ವಿನ್. “ಅವಳು ಇನ್ನೊಮ್ಮೆ ಹೇಳು, ವಿಡಿಯೊ ಮಾಡ್ತೇನೆ ಅಂತಾಳೆ.”

“ಹೇಳಿದ್ಯಾ?”

“ಹೇಳಿದೆ. ಎಂತ ಮಾಡುದು?”

ಮಾಸ್ತರರು ಕರ್ಚೀಫು ಬಿಚ್ಚಿದರು. ಶಾನೆಲ್ ಬಗ್ಗಿ ನೋಡಿದಳು.

“ಎಷ್ಟು ಚಂದ ಉಂಟು ಸರ್! ಆದ್ರೆ ಈ ಒಂದು ಕೈ ಯಾಕೆ ಮುಗೀಲಿಲ್ಲ?”

“ಮುಗಿಸ್ಲಿಕ್ಕೆ ನಾನು ಬಿಡ್ಲಿಲ್ಲ.”

“ನಾನು ಮುಗಿಸ್ಲಾ? ನಂಗೆ ಸ್ವಲ್ಪ ಬರ್ತದೆ.”

ಅವರು ಅದನ್ನು ಅವಳ ಅಂಗೈಯಲ್ಲಿಟ್ಟರು. ಶಾನೆಲ್ ಬಿಡಿಯಾಗಿದ್ದ ತುದಿಯನ್ನು ಮೆಲ್ಲಗೆ ಮಡಚಿದಳು. ವರ್ಷವಿಡೀ ಒಣಗಿದ್ದ ಗರಿ ಚಟ್ಟನೆ ಮುರಿಯಿತು. ಹುಡುಗಿಯ ಮುಖ ಸಣ್ಣದಾಯಿತು.

“ಸಾರಿ ಸರ್. ತಪ್ಪಾಯ್ತು.”

ಎಷ್ಟು ಸುಲಭವಾಗಿ ಹೇಳಿಬಿಟ್ಟಳು ಎಂದುಕೊಂಡರು ಮಾಸ್ತರರು. “ನಿಂದಲ್ಲ ಮಗಾ. ಹಸಿ ಇರುವಾಗಲೇ ಹೆಣೀಬೇಕಿತ್ತು.”

ಶಿಲುಬೆಯನ್ನೂ ಮುರಿದ ತುಂಡನ್ನೂ ಅವರೇ ಬಾಣಲೆಗೆ ಹಾಕಿದರು. ಒಮ್ಮೆ ಭಗ್ಗೆಂದಿತು. ಹೆಣಿಗೆಯ ಆಕಾರ ಕಪ್ಪಾಗಿ ಒಂದು ಗಳಿಗೆ ಹಾಗೆಯೇ ನಿಂತು, ಆಮೇಲೆ ಉಳಿದ ಬೂದಿಯಲ್ಲಿ ಕುಸಿಯಿತು.

“ಸರ್, ನೀವು ಯಾರ ಹತ್ರ ತಪ್ಪಾಯ್ತು ಅಂತ ಹೇಳಿದ್ರಿ?” ಆರ್ವಿನ್ ಕೇಳಿದ.

“ನಾನು ಹೇಳ್ಲಿಲ್ಲ ಮಾರಾಯ.”

“ಬುಧವಾರ ನಾಳೆ ಅಲ್ವಾ ಸರ್? ಇನ್ನೂ ಟೈಮ್ ಉಂಟು” ಎಂದು ಹುಡುಗ ಧೈರ್ಯ ಹೇಳಿದ.

ಮಾಸ್ತರರು ತಲೆಯಾಡಿಸಿದರು. ಕೋಲು ತೆಗೆದುಕೊಂಡು, ಬೂದಿ ನುಣ್ಣಗಾಗುವವರೆಗೆ ಕೆದಕುತ್ತ ಅಲ್ಲಿಯೇ ಕುಳಿತರು.