ಸಾತ್ವಿಕಾಳಿಗೆ ಬರುತ್ತಿದ್ದ ಜಾಹೀರಾತುಗಳು

“ಏನು ಸಾವ್ಕಾರ್ರೆ, ಈ ಪ್ರಾಯದಲ್ಲಿ ಹೈಹೀಲ್ಸಾ? ನಿಮಗೆ ಆ ಕೆಂಪಿನದ್ದು ಒಪ್ಪುತ್ತದೆ ನೋಡಿ.”

ಬಿಸ್ಕಿಟ್ ಕಂಪೆನಿಯಿಂದ ಹೊಸದಾಗಿ ಬಂದಿದ್ದ ಸೇಲ್ಸ್‌ಮ್ಯಾನ್ ಗಲ್ಲಾಪೆಟ್ಟಿಗೆಯ ಮೇಲೆ ಬಗ್ಗಿ, ನಿತ್ಯಾನಂದನ ಕೈಯಲ್ಲಿದ್ದ ಮೊಬೈಲಿಗೆ ಇಣುಕಿ ನಕ್ಕ. ಜೊತೆಗೆ ಯಾರೂ ನಗಲಿಲ್ಲ. ವಾಮದಪದವಿನಲ್ಲಿ ನಿತ್ಯಾನಂದನ ಆ ಸಣ್ಣ ಹೋಟೆಲಿನಲ್ಲಿ ಬನ್ಸ್ ಮುರಿಯುತ್ತಿದ್ದವರೆಲ್ಲ ತಟ್ಟೆಗೆ ತಲೆ ತಗ್ಗಿಸಿದರು. ಎದುರಿನ ಮೊಬೈಲ್ ಅಂಗಡಿಯ ನೌಫಲ್ ಚಹಾದ ಗ್ಲಾಸು ಕೆಳಗಿಟ್ಟು, ಅವನ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ. ಮತ್ತೆ ಒಳಗೆ ಬಂದ ಸೇಲ್ಸ್‌ಮ್ಯಾನ್ ಆರ್ಡರು ಬರೆದುಕೊಳ್ಳುವಾಗ ಮುಖ ಎತ್ತಲಿಲ್ಲ.

ಆ ಮೊಬೈಲು ಮಗಳು ಸಾತ್ವಿಕಾಳದ್ದು. ಮೂಡುಬಿದಿರೆಯಲ್ಲಿ ಬಿ.ಕಾಂ. ಓದುತ್ತಿದ್ದ ಹುಡುಗಿ ಮಳೆಗಾಲದ ಆಟಿ ತಿಂಗಳಲ್ಲಿ ಜ್ವರವೆಂದು ಆಸ್ಪತ್ರೆಗೆ ಸೇರಿದ್ದಳು. ಮನೆಗೆ ತಿರುಗಿ ಬಂದದ್ದು ಅವಳ ಬಟ್ಟೆಯ ಚೀಲ ಮತ್ತು ಈ ಮೊಬೈಲು ಮಾತ್ರ.

ಅದರಲ್ಲಿ ಅವಳ ಫೋಟೋಗಳು ಬೇಕಾದಷ್ಟಿದ್ದವು. ನಿತ್ಯಾನಂದನಿಗೆ ಅವನ್ನು ನೋಡುವ ಧೈರ್ಯವಿರಲಿಲ್ಲ. ಆದರೆ ಪೇಪರು ಓದಲೆಂದು ಒಮ್ಮೆ ಅದನ್ನು ತೆರೆದಾಗ ಸುದ್ದಿಯ ನಡುವೆ ಜಾಹೀರಾತುಗಳು ಬಂದವು: ಚಪ್ಪಲಿ, ಕುರ್ತಾ, ಉಗುರಿಗೆ ಹಚ್ಚುವ ಬಣ್ಣ, ಬ್ಯಾಂಕ್ ಪರೀಕ್ಷೆಯ ಕೋಚಿಂಗ್. ಎಲ್ಲವೂ ಅವಳಿಗೆ. ಫೋಟೋದಲ್ಲಿ ಅವಳು ನಿಂತುಹೋಗಿದ್ದಳು. ಜಾಹೀರಾತಿನಲ್ಲಿ ಅವಳಿಗೆ ಇನ್ನೂ ಏನೇನೋ ಬೇಕಾಗಿತ್ತು. ಅಂದಿನಿಂದ ಅವನು ತನ್ನ ಮೊಬೈಲನ್ನು ಮನೆಯಲ್ಲೇ ಬಿಟ್ಟು ಅವಳದನ್ನು ಹೋಟೆಲಿಗೆ ತರತೊಡಗಿದ.

ಹೆಂಡತಿ ಕಾಂತಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. “ಇಲ್ಲದವಳ ಹೆಸರು ಹಿಡಿದು ಅಂಗಡಿಯವರು ಕರೆಯುವುದು, ನೀವು ಅದನ್ನು ನೋಡ್ತಾ ಕೂತುಕೊಳ್ಳುವುದು! ನನ್ನ ಕಣ್ಣಿಗೆ ಅದು ಬೀಳುವುದು ಬೇಡ” ಎನ್ನುತ್ತಿದ್ದಳು. ಅವನು ಅದನ್ನು ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಪರದೆಯ ಮೇಲೆ ಸರ್ಕಾರಿ ಸುತ್ತೋಲೆಯಂಥ ಕನ್ನಡ ಬಂತು. ‘ನಿಮ್ಮ ಜಾಹೀರಾತು ಗೌಪ್ಯತೆಯನ್ನು ಉತ್ತಮಪಡಿಸಲಾಗಿದೆ. ಹಳೆಯ ಆಸಕ್ತಿಗಳು ತಾವಾಗಿಯೇ ಅಳಿಸಲ್ಪಡುತ್ತವೆ.’ ಅದರ ಕೆಳಗೆ ಒಂದೇ ಒಂದು ಗುಂಡಿ: ‘ಅರ್ಥವಾಯಿತು.’ ಅರ್ಥವಾಗದವರು ಏನು ಮಾಡಬೇಕೆಂದು ಎಲ್ಲೂ ಬರೆದಿರಲಿಲ್ಲ. ಹೋಟೆಲಿನ ರಶ್ಶಿನಲ್ಲಿ ನಿತ್ಯಾನಂದ ಅದನ್ನು ಒತ್ತಿಬಿಟ್ಟ.

ಆಮೇಲೆ ಚಪ್ಪಲಿಗಳು ಕಡಿಮೆಯಾದವು. ಕುರ್ತಾಗಳು ಬರುವುದು ನಿಂತಿತು. ಅವುಗಳ ಜಾಗಕ್ಕೆ ಹೋಟೆಲಿನ ದೊಡ್ಡ ಗ್ಯಾಸ್ ಒಲೆ, ಹಿಟ್ಟು ರುಬ್ಬುವ ಗ್ರೈಂಡರು, ಮೊಣಕಾಲು ನೋವಿನ ಎಣ್ಣೆ ಬಂದವು. ಅವನು ಗಾಬರಿಯಿಂದ ರಸ್ತೆ ದಾಟಿ ನೌಫಲನ ಅಂಗಡಿಗೆ ಹೋದ.

“ಇದು ಒಳ್ಳೇದಕ್ಕೇ ಮಾಡಿದ್ದು ನಿತ್ಯಣ್ಣ,” ಎಂದ ನೌಫಲ್. “ಮೊದಲು ಕಂಡಕಂಡ ಕಂಪೆನಿಯವರೆಲ್ಲ ನಮ್ಮ ಹಿಂದೆ ಬಿದ್ದು ನೋಡ್ತಿದ್ದರು. ಈಗ ಫೋನೇ ನೋಡಿಕೊಂಡು, ಇವರಿಗೆ ಇಂಥದ್ದು ಇಷ್ಟ ಅಂತ ಅವರಿಗೆ ಹೇಳ್ತದೆ. ಹೆಸರು ಮಾತ್ರ ಹೇಳುವುದಿಲ್ಲ.”

“ಹಾಗಾದರೆ ನೋಡುವುದು ನಿಲ್ಲಲಿಲ್ಲ.”

“ಇಲ್ಲ ಮಾರಾಯ್ರೆ. ನೋಡುವವರು ಬದಲಾದರು, ಅಷ್ಟೇ.”

“ಅವಳದ್ದೆಲ್ಲ ಎಲ್ಲಿಗೆ ಹೋಯಿತು?”

“ಹಳತನ್ನು ಅದು ಅಳಿಸ್ತದೆ. ಈಗ ಅದು ನೋಡುವುದು ನಿಮ್ಮನ್ನಲ್ವಾ? ನೀವು ಒಲೆ ಹುಡುಕಿದ್ದೀರಿ, ಕಾಲುನೋವಿಗೆ ಮದ್ದು ಹುಡುಕಿದ್ದೀರಿ.”

ಹೌದು, ನಿತ್ಯಾನಂದ ಹುಡುಕಿದ್ದ. ಮಗಳು ಇದ್ದ ಒಂದೇ ಒಂದು ಜಾಗಕ್ಕೆ ತನ್ನ ಮೊಣಕಾಲು ಚಾಚಿ ಕೂತಿದ್ದ. ಅವನ ಮುಖ ನೋಡಲಾರದೆ ನೌಫಲ್ ಒಂದು ಮಾತು ಸೇರಿಸಿದ: “ಅವಳು ನೋಡುವಂಥದ್ದನ್ನೇ ನೀವು ಹುಡುಕಿ ನಿತ್ಯಣ್ಣ. ತಿರುಗಿ ಬಂದರೂ ಬರಬಹುದು.”

ಮಧ್ಯಾಹ್ನದ ಊಟದವರು ಹೋದ ಮೇಲೆ ಅವನು ಹುಡುಕಲು ಕೂತ. ಆದರೆ ಏನನ್ನು? ಅವಳ ಕೈಗೆ ಇಷ್ಟು ವರ್ಷ ದುಡ್ಡು ಕೊಟ್ಟಿದ್ದನೇ ಹೊರತು ಏನು ಕೊಂಡೆಯೆಂದು ಒಮ್ಮೆಯೂ ಕೇಳಿರಲಿಲ್ಲ. ಆ ಬಟ್ಟೆಗಳಿಗೆ, ಆ ಚಪ್ಪಲಿಗಳಿಗೆ ಏನೆನ್ನುತ್ತಾರೋ ಅವನಿಗೆ ಗೊತ್ತಿರಲಿಲ್ಲ. ಮನೆಯ ತುಳುವಿನಲ್ಲಿ ಅವಳು ಕೊನೆಯವರೆಗೂ ‘ಬಾಲೆ’, ಅಂದರೆ ಮಗು. ಸೀರೆ ಉಟ್ಟು ಕಾಲೇಜು ಡೇಗೆ ಹೊರಟಾಗಲೂ ಬಾಲೆ. ಮೊಬೈಲಿಗೆ ತುಳು ತಿಳಿಯಲಿಕ್ಕಿಲ್ಲವೆಂದು ಅವನು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಒಂದೊಂದೇ ಅಕ್ಷರ ಒತ್ತಿದ: ಮಗುವಿನ ಚಪ್ಪಲಿ. ಮಗುವಿನ ಅಂಗಿ. ಮಗುವಿನ ಬಳೆ. ದಿನಾ ಅದನ್ನೇ ಒತ್ತಿದ.

ಮೊಬೈಲು ಹೇಳಿದ್ದನ್ನು ಕೇಳುವ ಜಾತಿ. ಈ ಮನೆಯಲ್ಲಿ ಕೂಸು ಹುಟ್ಟಿದೆಯೆಂದು ಅದು ತಿಳಿದುಕೊಂಡಿತು. ನಡೆದರೆ ಪೀಂಪೀಂ ಎನ್ನುವ ಚಪ್ಪಲಿ, ಸೊಳ್ಳೆಪರದೆಯ ತೊಟ್ಟಿಲು, ಉಣ್ಣೆಯ ಟೊಪ್ಪಿ, ಬಾಣಂತಿಗೆ ಲೇಹ್ಯ ಸಾಲುಗಟ್ಟಿ ಬಂದವು.

ಹೋಟೆಲಿಗೆ ರಜೆಯಿದ್ದ ಭಾನುವಾರ ಅವನು ಮನೆಯ ಜಗಲಿಯಲ್ಲಿ ಅದನ್ನು ನೋಡುತ್ತಾ ಕೂತಿದ್ದ. ಅಕ್ಕಿ ಆರಿಸುತ್ತಿದ್ದ ಕಾಂತಿ ತಲೆಯೆತ್ತಿದಾಗ ಅವನ ಗಲ್ಲ ಒದ್ದೆಯಾಗಿತ್ತು. ಗೆರಸೆ ಕೆಳಗಿಟ್ಟು ಎದ್ದು ಬಂದಳು.

“ಎಂತ ಅದು?”

“ನಾನು ಅವಳನ್ನೇ ಹುಡುಕಿದ್ದು ಕಾಂತಿ. ಇದಕ್ಕೆ ಗೊತ್ತೇ ಆಗಲಿಲ್ಲ. ಇದರಲ್ಲಿ ಸ್ವಲ್ಪ ಇದ್ದಳು, ಈಗ ಇದರಲ್ಲೂ ಇಲ್ಲ.”

ಬೈಯುತ್ತಾಳೆಂದು ಅವನು ಮೊಬೈಲನ್ನು ಕಿಸೆಗೆ ಹಾಕಲು ಹೊರಟ. ಕಾಂತಿ ಕೈ ಚಾಚಿ ಅದನ್ನು ತೆಗೆದುಕೊಂಡಳು. ಮಗಳು ಹೋದ ಮೇಲೆ ಅವಳು ಅದನ್ನು ಮುಟ್ಟಿದ್ದು ಅದೇ ಮೊದಲು. ಪರದೆಯ ಮೇಲೆ ಲೇಸು ಹಚ್ಚಿದ ಪುಟ್ಟ ಫ್ರಾಕು ಇತ್ತು. ಕೆಳಗೆ ಮಗುವಿನ ಪ್ರಾಯಕ್ಕೆ ತಕ್ಕ ಅಳತೆ ಕೇಳಿದ್ದರು.

ಕಾಂತಿ ತುಂಬ ಹೊತ್ತು ನೋಡಿದಳು.

“ಆರು ತಿಂಗಳಲ್ಲಿ ಅವಳಿಗೆ ಮೂರು ತಿಂಗಳಿನ ಅಂಗಿಯೇ ದೊಡ್ಡದಾಗ್ತಿತ್ತು,” ಎಂದಳು. “ಎಷ್ಟು ಸಪೂರ ಇದ್ದಳು, ನೆನಪುಂಟಾ?”

ಎಲ್ಲಕ್ಕಿಂತ ಸಣ್ಣ ಅಳತೆಯನ್ನು ಒತ್ತಿ ಅವನ ಪಕ್ಕದಲ್ಲಿ ಕುಳಿತಳು. ಪರದೆ ಈಗ ಬಣ್ಣ ಕೇಳಿತು. ಅವಳ ಬೆರಳು ಹಳದಿಯ ಮೇಲೆ ನಿಂತಿತು.

“ಹಳದಿ ಬೇಡ,” ಎಂದ ನಿತ್ಯಾನಂದ. “ಕಪ್ಪು ಕಾಣ್ತಾಳೆ.”

ಕಾಂತಿ ಬೆರಳನ್ನು ಮುಂದಿನ ಬಣ್ಣಕ್ಕೆ ಸರಿಸಿದಳು.