ಬಾರದ ಮುಲಿಂದ್ವ

ಆ ಬೆಳಗ್ಗೆ ಮ್ವಿಟಂಜಿಗೆ ಎನ್ನುವ ಸರೋವರದಿಂದ ಎದ್ದ ಮಂಜು ನಮ್ಮೂರ ಬಾಳೆತೋಟಗಳಲ್ಲೇ ಕೂತುಬಿಟ್ಟಿತ್ತು. ಗುಡಿಸಲೊಳಗೆ ಕಬಟಾಲ್ಯಾ ಮರದ ತೊಗಟೆಯ ಬಟ್ಟೆ ಹೊದ್ದು, ಹಣೆಗೆ ಕವಡೆಪಟ್ಟಿ ಕಟ್ಟಿ ಕುಳಿತಿದ್ದಳು. ಎದುರಿನ ಚಾಪೆಯಲ್ಲಿ ಅವಳ ಮಗ ಕಲೀಸಾ ಜ್ವರದಲ್ಲಿ ಬೇಯುತ್ತಿದ್ದ. ಅವನಿಗಿಂತ ಮೊದಲು ಹುಟ್ಟಿದವರನ್ನೆಲ್ಲ ಮಣ್ಣಿಗೆ ಕೊಟ್ಟಾಗಿತ್ತು. ಬೇರು, ಎಲೆ, ಆಸ್ಪತ್ರೆಯ ಮಾತ್ರೆ ಎಲ್ಲ ಮುಗಿದಿದ್ದವು. ಮನೆತನ ಕಾಯುವ ದೈವ ಮುಲಿಂದ್ವ ಅವಳ ಮೈಮೇಲೆ ಬಂದು, ತನ್ನ ಸಿಟ್ಟೇನೆಂದು ಹೇಳಿದರೆ ಮಾತ್ರ ಮಗು ಉಳಿದೀತು ಎಂದು ಕವಡೆಶಾಸ್ತ್ರದಲ್ಲಿ ಬಂದಿತ್ತು.

ಸುತ್ತ ಕೂತ ಹೆಂಗಸರ ಕೈಯಲ್ಲಿ ಸೋರೆಬುರುಡೆಗಳು ಗಿಲಗಿಲ ಎನ್ನುತ್ತಲೇ ಇದ್ದವು. ಮುಲಿಂದ್ವ ಬರಲಿಲ್ಲ.

"ಮಂಜಲ್ಲಿ ದಾರಿ ತಪ್ಪಿರ್ಬೇಕು," ಎಂದ ಅವಳ ಗಂಡನ ಅಣ್ಣ ಬಗಾಡಾ, ಕಾಫಿಬೀಜ ಅಗಿಯುತ್ತ. "ಇಲ್ಲಾಂದ್ರೆ ಇವಳ ಪುಟ್ಟ ತಲೆ ಮೇಲೆ ಕೂರೋಕೆ ಜಾಗ ಸಾಲ್ತಿಲ್ಲ."

"ಬಾಯಿ ಮುಚ್ಕೊಂಡು ಅಗಿ, ಅರಾಲಿ," ಎಂದಳು ಮುದುಕಿ ನ್ಯಾಮಹುಂಗೆ, ಅವನ ಅಕ್ಕರೆಯ ಹೆಸರು ಹಿಡಿದು. ದೈವಕ್ಕೆ ಮೈಯೊಡ್ಡುವುದನ್ನು ಕಲಿಸುವವಳು ಅವಳೇ. ಬಾಗಿ ಕಬಟಾಲ್ಯಾಳ ಕಿವಿಯಲ್ಲಿ, ಅವಳನ್ನೂ ಅಕ್ಕರೆಯ ಹೆಸರಿನಿಂದಲೇ ಕರೆದು, ಪಿಸುಗುಟ್ಟಿದಳು: "ಅವನು ಬರ್ದೇ ಇದ್ರೆ ಬಂದ ಹಾಗೆ ಮಾಡು, ಅಬ್ವೋಲಿ. ನಡುಗು, ದನಿ ಬದ್ಲಾಯ್ಸು. ಮೊದಲ್ನೇ ಸಲ ನಾವೆಲ್ಲ ಹಂಗೇ ಮಾಡಿದ್ದು. ಹೊರಗೆ ಮಾತ್ರ ಬಾಯಿ ಬಿಡ್ಬೇಡ."

"ನಾನು ಸುಮ್ನೆ ನಡುಗಿದ್ರೆ ನನ್ನ ಮಗೂನ ಉಳ್ಸೋರ್ಯಾರಜ್ಜಿ?"

"ಮುಲಿಂದ್ವನ ಜಾಗ ಖಾಲಿ ಬಿಡ್ಬಾರ್ದು ಕಣೇ. ನೀನು ಕೂತಿರು. ಅವನು ಬಂದಾಗ ಎದ್ದುಬಿಡು."

ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು. ಕಬಟಾಲ್ಯಾ ನಡುಗಿದಳು, ಅದಕ್ಕೆ ಕಷ್ಟಪಡಬೇಕಾಗಲಿಲ್ಲ. ಕಲಿಸಿಕೊಟ್ಟ ಮಾತು ಒಂದೂ ನೆನಪಾಗಲಿಲ್ಲ. ಗಂಟಲಿನಿಂದ ದಪ್ಪ ದನಿಯೆಳೆದು, "ಈ ಮಗು ಏನು ತಪ್ಪು ಮಾಡಿದೆ, ಹೇಳು," ಎಂದಳು. ಕೇಳಿದ್ದು ಮುಲಿಂದ್ವನನ್ನೇ.

ಉತ್ತರ ಬಂದದ್ದು ಬಗಾಡಾನಿಂದ. ಅವನು ಮೊಣಕಾಲೂರಿದ್ದ.

"ಮಗುದೇನೂ ತಪ್ಪಿಲ್ಲ ಒಡೆಯಾ. ನಿನ್ನ ಹೆಸರಿಗೆ ಬಿಟ್ಟಿದ್ದ ಬಿಳಿ ಮೇಕೇನ ನಾನೇ ಹೊಡ್ಕೊಂಡು ಹೋಗಿ ಮಗನ ಮದುವೇಲಿ ಹೆಣ್ಣಿನ ಕಡೆಯೋರಿಗೆ ಕೊಟ್ಟೆ. ಚಿರತೆ ತಿಂತು ಅಂತ ಇವರಿಗೆಲ್ಲ ಸುಳ್ಳು ಹೇಳ್ದೆ."

ಬುರುಡೆಗಳು ನಿಂತವು. ಮುಲಿಂದ್ವ ಬಂದನೆಂದು ಹೆಂಗಸರು ನೆಲಕ್ಕೆ ಹಣೆ ಹಚ್ಚಿದರು. ಕಬಟಾಲ್ಯಾ ಮುದುಕಿಯತ್ತ ನೋಡಿದಳು. ಮುದುಕಿಯೂ ಹಣೆ ಹಚ್ಚಿದ್ದಳು.

ಬಗಾಡಾ ಎದ್ದು ಹೊರಗೆ ಹೋದ. ಮಗುವಿನ ಮೈ ಹಾಗೇ ಸುಡುತ್ತಿತ್ತು. ಕಬಟಾಲ್ಯಾ ಬಟ್ಟೆಯ ಚೂರನ್ನು ನೀರಲ್ಲಿ ಅದ್ದಿ ಅವನ ತುಟಿಗೆ ಹಿಂಡಿದಳು. ಒಂದಿಷ್ಟು ಒಳಗೆ ಹೋಯಿತು, ಉಳಿದದ್ದು ಕೆನ್ನೆಗಿಳಿಯಿತು. ಮತ್ತೆ ಹಿಂಡಿದಳು. ಹಿಂಡುವಾಗೆಲ್ಲ ಒಳಗೊಳಗೇ ಕರೆಯುತ್ತಿದ್ದಳು: ಈಗಲಾದರೂ ಬಾ, ನನ್ನ ಸುಳ್ಳಿಗೆ ನನ್ನನ್ನೇ ಹಿಡಿ, ಇವನನ್ನು ಬಿಡು.

ಬಿಸಿಲೇರಿದ ಮೇಲೆ ಬಗಾಡಾ ಬಂದ. ಆ ಮೇಕೆಯನ್ನು ಬೀಗರು ಎಂದೋ ಕೊಯ್ದಿದ್ದರು. ಅದರ ಬದಲಿಗೆ ತನ್ನ ಕೊಟ್ಟಿಗೆಯ ಹಾಲುಮೇಕೆಯನ್ನು ಮರಿಯ ಸಮೇತ ಹೊಡೆದುಕೊಂಡು ಬಂದಿದ್ದ. ಯಾರ ಮುಖವನ್ನೂ ನೋಡದೆ, ಹಗ್ಗದ ತುದಿಯನ್ನು ಕಬಟಾಲ್ಯಾಳ ಒದ್ದೆ ಕೈಯೊಳಗಿಟ್ಟ.