ಜೇಬಿನಲ್ಲಿ ಉಳಿದ ಬೋಲ್ಟು

ಭವಾನಿ ಪೇಟೆಯ ಸಿದ್ದಲಿಂಗಪ್ಪನವರ ಕಟ್ಟಿಗೆ ಅಡ್ಡೆಗೆ ವಿದ್ಯುತ್ ಕರಗಸ ಮಾರಿದವನು ನಾನು. ಬಿ.ಎ. ಮಾಡಿದ್ದು ಇತಿಹಾಸದಲ್ಲಿ, ಊಟ ಹಾಕಿದ್ದು ಯಂತ್ರದ ಕಂಪನಿಯ ಗುಮಾಸ್ತಿಕೆ. ತಿರುಗುವ ಹಲ್ಲುಚಕ್ರದ ಮೇಲೆ ಕಂಪನಿ ಒಂದು ಕಬ್ಬಿಣದ ಕವಚ ಕೂಡಿಸಿ ಕಳಿಸುತ್ತಿತ್ತು. ಅಡ್ಡೆಯವರು ಅದನ್ನು ಟೋಪಿ ಅನ್ನುತ್ತಿದ್ದರು. ಗಿರಾಕಿಗೆ ಹೇಳಿಯೇ ಟೋಪಿ ಹಾಕುವ ಕಂಪನಿ ನಮ್ಮದೊಂದೇ ಎಂದು ನಾನು ನಗಿಸುತ್ತಿದ್ದೆ.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಕರಗಸ ನಡೆಸುವ ಮಲಕಪ್ಪ, ಬೈಲಹೊಂಗಲದ ಕಡೆಯವನು. ನಮ್ಮ ಮ್ಯಾನೇಜರ್ ಪಂಢರಿನಾಥರ ಮೂಗಿನ ದನಿ, ಸಾಗವಾನಿಯ ಗಂಟಿಗೆ ಸಿಕ್ಕ ಕರಗಸ ಕಿರುಚುವ ದನಿ, ಎರಡನ್ನೂ ನನ್ನಿಂದ ಮಾಡಿಸಿ ಕೇಳುತ್ತಿದ್ದ. "ಎರಡೂ ಒಂದ ಅದಾವಲ್ರಿ ರಾಯರ!"

ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಕರೆದರು, ಹೋದೆ. ಮಲಕಪ್ಪನ ಹೆಂಡತಿ ಶಿವಬಸವ್ವ ವಿಭೂತಿಯ ತಾಟು ಹಿಡಿದು, ಕವಚ ಮುಚ್ಚಿದ ಚಕ್ರದ ಮುಂದೆ ನಿಂತಳು. "ದೇವರ ಮಾರೀನ ಕಾಣವಲ್ದು. ಎಲ್ಲೆ ಹಚ್ಚಲಿ?"

"ಟೋಪಿ ತಗೀರಿ ರಾಯರ," ಅಂದ ಮಲಕಪ್ಪ. "ನಮ್ಮ ಮನಿ ಪೂಜಿಗೆ ಬಂದು ಟೋಪಿ ಹಾಕ್ಕೊಂಡು ಕುಂದರತಾರೇನು?"

ಬೋಲ್ಟು ತಿರುಗಿಸುವ ಪಾನಾ ತಂದು ನಾನೇ ಬಿಚ್ಚಿದೆ. ಪೂಜೆಯಾದ ಯಂತ್ರವನ್ನು ದಸರೆ ಮುಗಿಯುವ ತನಕ ಯಾರೂ ಮುಟ್ಟುವಂತಿಲ್ಲ. ಕವಚವನ್ನು ಗೋಡೆಗೆ ಒರಗಿಸಿ, ಎರಡು ಬೋಲ್ಟು ಕಳೆದು ಹೋದಾವೆಂದು ಕೋಟಿನ ಜೇಬಿಗೆ ಹಾಕಿಕೊಂಡೆ. "ನಾಡದು ಮುಂಜಾನೆ ಬಂದು ಕೂಡಿಸ್ತೀನಿ" ಅಂದೆ.

ಆ ಮುಂಜಾನೆ ಕಂಪನಿ ನನ್ನನ್ನು ಲೋಣಾವಳಾಕ್ಕೆ ಅಟ್ಟಿತು. ರೈಲಿನಲ್ಲಿ ಟಿಕೀಟು ಹುಡುಕುವಾಗ ಬೋಲ್ಟು ಕೈಗೆ ಸಿಕ್ಕವು. ಒಂದು ದಿನದಲ್ಲಿ ಏನಾಗುತ್ತದೆ ಅಂದುಕೊಂಡೆ. ಅಂದೇ ಮಧ್ಯಾಹ್ನ, ಟೋಪಿಯಿಲ್ಲದೆ ಕರಗಸ ನಡೆಸುವಾಗ, ಚಕ್ರ ಗಂಟಿಗೆ ಸಿಕ್ಕು ಹಲಗೆಯೊಂದು ಜಿಗಿಯಿತು. ಮಲಕಪ್ಪನ ಬಲಗೈಯ ನಾಲ್ಕು ಬೆರಳು ಹೋದವು.

ಸಿದ್ದಲಿಂಗಪ್ಪನವರು, ಪರಿಹಾರವನ್ನು ಯಂತ್ರ ಮಾಡಿದವರೇ ಕೊಡಲಿ ಅಂದರು. ಮಾಲೀಕರು ಯಂತ್ರದಲ್ಲಿ ಮಾರ್ಪಾಡು ಮಾಡಿದ್ದಾರೆ, ಆದ್ದರಿಂದ ನಮ್ಮ ಹೊಣೆಯಿಲ್ಲ ಎಂದಿತು ಕಂಪನಿ. ಆ ಪತ್ರವನ್ನು ಟೈಪ್ ಮಾಡುವ ಕೆಲಸ ನನಗೇ ಬಂತು. ಟೈಪ್ ಮಾಡಲಿಲ್ಲ. ಪಂಢರಿನಾಥರ ಮೇಜಿನ ಮೇಲೆ ಎರಡೂ ಬೋಲ್ಟು ಇಟ್ಟು, ಬಿಚ್ಚಿದವನು ಕಂಪನಿಯ ಮನುಷ್ಯ, ನಾನು, ಎಂದೆ.

ಅವರು ಗೋಡೆಯ ಪಂಚಾಂಗ ನೋಡಿದರು. "ಅವತ್ತು ಆಫೀಸಿಗೆ ರಜೆ. ಹೋಳಿಗೆ ತಿನ್ನಲು ಹೋದ ನೀನು ಅವರ ಅತಿಥಿ, ನಮ್ಮ ನೌಕರನಲ್ಲ," ಎಂದರು ಮರಾಠಿಯಲ್ಲಿ. ಬೋಲ್ಟುಗಳನ್ನು ನನ್ನತ್ತ ತಳ್ಳಿ, "ನಾಳೆಯಿಂದ ನಿನಗೆ ಯಾವ ದಿನವೂ ಕೆಲಸದ ದಿನವಲ್ಲ," ಎಂದರು.

ವಾರದ ಮೇಲೆ ಮಲಕಪ್ಪನ ಮನೆಗೆ ಹೋದೆ. ಬೇರೆ ಯಾರೋ ಟೈಪ್ ಮಾಡಿದ ಕಂಪನಿಯ ಪತ್ರ ನನಗಿಂತ ಮೊದಲೇ ಬಂದಿತ್ತು.

"ಇಂಗ್ಲೀಷಿನ್ಯಾಗ ಅದ. ಓದಿ ಹೇಳ್ರಿ," ಅಂದ. "ಮ್ಯಾನೇಜರ ದನಿಯೊಳಗ ಹೇಳ್ರಿ."

ಮೂಗಿನಲ್ಲೇ ಶುರು ಮಾಡಿದೆ. ಶಿವಬಸವ್ವ ಸೆರಗು ಬಾಯಿಗಿಟ್ಟು ನಕ್ಕಳು. ಮೂರನೆಯ ಸಾಲಿಗೆ ನನ್ನದೇ ದನಿ ಬಂದುಬಿಟ್ಟಿತು: ಮಾಲೀಕರ ಅತಿಥಿಯೊಬ್ಬ ಕವಚವನ್ನು ತೆಗೆದಿರುವುದರಿಂದ...

"ಅಂದ್ರ?" ಅಂದಳು.

"ಅಂದ್ರ ಏನೂ ಕೊಡೂದಿಲ್ಲವ್ವ."

"ನೀವು ಖರೇ ಹೇಳಲಿಲ್ಲೇನ್ರಿ?"

"ಹೇಳಿದೆ. ನನ್ನೂ ಕೆಲಸ ಬಿಡಿಸಿದ್ರು."

ಅವಳು ಗೋಡೆಗೆ ಮುಖ ಮಾಡಿದಳು. "ನಾನಽ ಅಂದೆ, ಮಾರಿ ಕಾಣವಲ್ದು ಅಂತ..."

"ಸುಮ್ಕಿರ," ಎಂದ ಮಲಕಪ್ಪ. ಬಟ್ಟೆ ಸುತ್ತಿದ ಕೈಯನ್ನು ಎದೆಗೆ ಹಿಡಿದು ನನ್ನತ್ತ ತಿರುಗಿದ. ಆಮೇಲೆ ಕೇಳಿದ: "ಬೋಲ್ಟು ಅದಾವೇನ್ರಿ?"

ತೆಗೆದು ತೋರಿಸಿದೆ. ಅವನು ಕೈ ಚಾಚಲಿಲ್ಲ.

"ನನಗ್ಯಾಕ? ಈಗ ನನ್ನ ಜಾಗಾಕ ಕುಶಲ ಅನ್ನಾಂವ ನಿಂತಾನ. ಟೋಪಿ ಇನ್ನೂ ಗ್ವಾಡಿಗೇ ಅದ ಅಂತ. ಹೋಗಿ ಕೂಡಿಸಿ ಬರ್ರಿ."

ಹೋದೆ. ಕುಶಲ ಮೋಟಾರು ಆರಿಸಿದ. ಚಕ್ರ ನಿಲ್ಲುವ ತನಕ ಇಬ್ಬರೂ ಕಾದೆವು. ಚಕ್ರದ ನಟ್ಟನಡುವೆ ಶಿವಬಸವ್ವ ಹಚ್ಚಿದ ವಿಭೂತಿ ಇನ್ನೂ ಮೂರು ಗೆರೆಯಾಗಿ ಉಳಿದಿತ್ತು. ಕವಚ ಎತ್ತಿ ಕೂಡಿಸಿ ಪಾನಾ ತಿರುಗಿಸುತ್ತಿದ್ದಾಗ ಅವನು ಕೇಳಿದ: "ಕಂಪನಿಯವ್ರೇನ್ರಿ ನೀವು?"

"ಅಲ್ಲ," ಎಂದು ಎರಡನೆಯ ಬೋಲ್ಟು ಬಿಗಿದೆ.